ಬಕೆಟ್ಟಿನಲ್ಲಿದ್ದ ಕೇಬಲ್ಲು

ಚಿಕ್ಕಪ್ಪನ ಕಂಪ್ಯೂಟರ್ ಅಂಗಡಿಯಲ್ಲಿ ಒಂದು ದರಿದ್ರ ಪದ್ಧತಿ. ಕಂಪ್ಯೂಟರಿಗೆ ಕರೆಂಟು ಕೊಡುವ ಹೊಸ ಪವರ್ ಸಪ್ಲೈ ಬಂದರೆ ಡಬ್ಬ ಒಡೆದು, ಅದರ ಜೊತೆ ಬಂದ ಕೇಬಲ್ಲನ್ನೆಲ್ಲ ಬಕೆಟ್ಟಿಗೆ ಸುರಿಯುವುದು. ಯಾವ ಕಂಪನಿಯದು ಯಾವುದು ಅಂತ ದೇವರಿಗೂ ಗೊತ್ತಾಗಬಾರದು. ಒಂದ್ಸಲ ನಾನು ಬಣ್ಣದ ಟೇಪು ಸುತ್ತಿ ಬೇರೆ ಬೇರೆ ಇಟ್ಟಿದ್ದೆ. "ಶಾಲೆ ಬಿಟ್ಟು ಓಡಿಬಂದೋನು ಲೈಬ್ರರಿ ಮಾಡ್ತಾ ಇದಾನೆ ನೋಡ್ರಪ್ಪಾ" ಅಂತ ನಕ್ಕು ಎಲ್ಲ ಬಿಚ್ಚಿಸಿದ.

ಇವತ್ತು ಜೋಡಿಸುತ್ತಿದ್ದದ್ದು ನಮ್ಮ ಮನೆಯ ಹೊಸ ಕಂಪ್ಯೂಟರು. ಅಪ್ಪ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುತ್ತಿದ್ದವನು. ಗಂಟಲಿನ ಆಪರೇಷನ್ ಆಗಿ ದನಿ ಪೂರ್ತಿ ಹೋಯಿತು. ಅದಕ್ಕೂ ಮುಂಚೆ ಹಳೇ ಕಂಪ್ಯೂಟರಿನಲ್ಲಿ ತನ್ನ ಮಾತು ರೆಕಾರ್ಡ್ ಮಾಡಿಟ್ಟಿದ್ದ. ಪೇಪರ್ ಓದಿದ್ದು, ಅಮ್ಮನನ್ನು ಕರೆದದ್ದು, ನನ್ನನ್ನು ಬೈದದ್ದು. ಇನ್ನೊಂದು ಕಾಪಿ ಮಾಡುವ ಮೊದಲೇ ಆ ಕಂಪ್ಯೂಟರ್ ಕೆಟ್ಟು ಕೂತಿತು. ದನಿಯೆಲ್ಲ ಇದ್ದ ಒಳಗಿನ ಹಾರ್ಡ್ ಡಿಸ್ಕ್ ಒಂದು ಉಳಿದಿತ್ತು. ಅದನ್ನೇ ಈ ಹೊಸದಕ್ಕೆ ಹಾಕಬೇಕಿತ್ತು.

"ಅವರ ದನಿ ಹೇಗಿತ್ತು ಅನ್ನೋದೇ ಮರೆತುಹೋಗ್ತಾ ಇದೆ ಕಣೋ" ಅಂತ ಅಮ್ಮ ಮೊನ್ನೆ ಪಾತ್ರೆ ಉಜ್ಜುತ್ತಾ ಅಂದಳು. ಅಪ್ಪ ಅಲ್ಲೇ ಇದ್ದ.

ಅಂಗಡಿಯ ಸ್ಟೂಲಿನ ಮೇಲೆ ಅಪ್ಪ ಕೂತಿದ್ದ. ಚಿಕ್ಕಪ್ಪ ಬಕೆಟ್ಟಿಗೆ ಕೈ ಹಾಕಿ ಒಂದು ಪವರ್ ಕೇಬಲ್ ಎಳೆದ.

"ಅದು ಬೇಡ ಚಿಕ್ಕಪ್ಪಾ. ಈ ಸಪ್ಲೈ ಜೊತೆ ಬಂದದ್ದೇ ಬೇಕು."

"ಕೂರುತ್ತಲ್ಲೋ."

"ಎಲ್ಲ ಕಂಪನಿಯದ್ದೂ ಕೂರುತ್ತೆ. ಒಳಗೆ ತಂತಿಗಳ ಸಾಲೇ ಬೇರೆ. ಐದು ವೋಲ್ಟ್ ಹೋಗೋ ಕಡೆ ಹನ್ನೆರಡು ನುಗ್ಗುತ್ತೆ, ಡಿಸ್ಕ್ ಸುಟ್ಟುಹೋಗುತ್ತೆ."

"ನೀನು ಹುಟ್ಟೋಕೆ ಮುಂಚಿಂದ ನಾನು ಇದನ್ನ ಮಾಡ್ತಿದೀನಿ ಮಗಾ."

"ಮಾಡಿದ್ದು ಹಳೇ ಥರದ್ದು. ಅದರಲ್ಲಿ ಕೇಬಲ್ ಸಪ್ಲೈಗೇ ಅಂಟಿಕೊಂಡಿರ್ತಿತ್ತು, ಬಿಚ್ಚೋಕೇ ಬರ್ತಿರಲಿಲ್ಲ. ಮುಟ್ಟಬೇಡ, ಮೇಲೆ ಹುಡುಕಿ ತರ್ತೀನಿ."

ಅಟ್ಟದಲ್ಲಿ ಖಾಲಿ ಡಬ್ಬಗಳ ರಾಶಿ. ಅದರಡಿಯಲ್ಲಿ, ಬಕೆಟ್ಟಿಗೆ ಬೀಳದೆ ಉಳಿದ, ಕಟ್ಟು ಕೂಡ ಬಿಚ್ಚದ ಸರಿಯಾದ ಕೇಬಲ್ ಸಿಕ್ಕಿತು. ಹಿಡಿದುಕೊಂಡು ಇಳಿಯುವಾಗ ವಾಸನೆ ಬಂತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಮೂಗು ಕೊರೆಯುವಂಥದ್ದು.

"ಬಕೆಟ್ಟಿಂದೇ ಹಾಕಿ ಡಿಸ್ಕ್ ತಿರುಗುತ್ತಾ ಅಂತ ಒಂದು ನಿಮಿಷ ನೋಡಿದೆ ಅಷ್ಟೇ" ಅಂದ ಚಿಕ್ಕಪ್ಪ. "ಅಣ್ಣ ಕಾಯ್ತಾ ಇದ್ದ, ಅದಕ್ಕೆ."

"ಅಣ್ಣನ ಹೆಸರು ಎತ್ತಬೇಡ. ಹೇಳಿದ್ದೆ ತಾನೆ? ಕಿವೀಲಿ ಏನು ತುಂಬ್ಕೊಂಡಿದ್ದೆ?"

"ಡಿಸ್ಕಿನ ಬೋರ್ಡ್ ಬದಲಾಯಿಸಿದ್ರೆ..."

"ಎಲ್ಲಿಂದ ತರ್ತೀಯ? ಆ ಮಾಡೆಲ್ ನಿಂತು ಎಷ್ಟು ಕಾಲ ಆಯ್ತು. ಸಿಕ್ಕಿದ್ರೂ ಇದರ ಚಿಪ್ ಕಿತ್ತು ಅದಕ್ಕೆ ಹಾಕಬೇಕು, ಇಲ್ಲಾಂದ್ರೆ ಡಿಸ್ಕ್ ಓದೋಕೆ ಬರಲ್ಲ. ಚಿಪ್ಪೇ ಕರಗಿದೆ ನೋಡು."

ಚಿಕ್ಕಪ್ಪ ನೋಡಲಿಲ್ಲ. ಅಪ್ಪ ನೋಡಿದ. ಬಗ್ಗಿ, ಡಿಸ್ಕಿನ ಮೇಲೆ ಬೆರಳಿಟ್ಟ, ಮಗುವಿಗೆ ಜ್ವರ ಇದೆಯಾ ಅಂತ ನೋಡುವ ಹಾಗೆ. ಬಿಸಿ ಇತ್ತೇನೋ, ತೆಗೆದ.

ಫೋನು ಹೊಡೆದುಕೊಂಡಿತು. ಅಮ್ಮ. ಸ್ಪೀಕರ್ ಒತ್ತಿದೆ.

"ಏನಾಯ್ತೋ? ಮಾತು ಬಂತಾ?"

ಅಪ್ಪನ ತಮ್ಮ ಅನ್ನಿಸಿಕೊಂಡವನು ಮಾಡಿದ್ದನ್ನೆಲ್ಲ ಒದರಿಬಿಡಬೇಕು ಅಂತ ಬಾಯಿ ತೆರೆದೆ. ಅಪ್ಪ ಫೋನು ಕಿತ್ತುಕೊಂಡು ಉಗುರಿನಿಂದ ಎರಡು ಸಲ ಕುಟ್ಟಿದ. ಮನೆಯಲ್ಲಿ ಹಾಗೆ ಕುಟ್ಟಿದರೆ ಹೂಂ ಅಂತ.

"ನೀವೇ ಕೇಳಿಸ್ಕೊಂಡ್ರಾ?"

ಮತ್ತೆ ಕುಟ್ಟಿದ.

"ಹಾಗಾದ್ರೆ ಬೇಗ ಬನ್ನಿ. ಒಲೆ ಆರಿಸಿ ಕೇಳೋಕೆ ಕೂತಿರ್ತೀನಿ."

ಚಿಕ್ಕಪ್ಪ ಬೆಂಚಿನ ಮೇಲೆ ತಲೆಯಿಟ್ಟು ಅಳುತ್ತಿದ್ದ. ಅಪ್ಪ ಅವನ ಬೆನ್ನು ತಟ್ಟಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಮನೆಗೆ ಹೋಗಿ ಅಮ್ಮನಿಗೆ ನಿಜ ಹೇಳಬೇಕಾದವನು ನಾನು.