ನಿಘಂಟು ಮಾವನ ಇಲ್ಲದ ಪುಸ್ತಕ

ನಿಘಂಟು ಮಾವನಿಗೆ ಬಾಯಿಯೇ ಶತ್ರು. ನಿಘಂಟು ಕಚೇರಿಯಲ್ಲಿ ಪದಗಳ ಮೂಲ ಹುಡುಕುವುದು ಅವರ ಕೆಲಸ. ಅಲ್ಲಿ ಆಧಾರವಿಲ್ಲದೆ ಒಂದಕ್ಷರ ಬರೆಯುವವರಲ್ಲ. ಮನೆಯಲ್ಲಿ ಮಾತ್ರ, ಕೇಳುವವರು ಸಿಕ್ಕರೆ ನಾಲಗೆಗೆ ಲಗಾಮೇ ಇಲ್ಲ. ಹಿಂದೊಮ್ಮೆ ನೆಂಟರೆಲ್ಲ ಸೇರಿದ್ದಾಗ ಹೀಗೆ ಬಿಟ್ಟಿದ್ದರು: ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದ ಪುರಾತನ ಅಕ್ಕಡಿಯನ್ ಭಾಷೆಯಲ್ಲಿ ‘ಅಬು’ ಎಂದರೆ ಅಪ್ಪ, ಐರ್ಲೆಂಡಿನ ಗೇಲಿಕ್ ಭಾಷೆಯ ಯೋಧರು ‘ಅಬೂ’ ಎಂದು ಕೂಗುತ್ತಿದ್ದುದೂ ಅದೇ ಪದ, ಸಾವಿನೆದುರು ಅಪ್ಪನನ್ನು ಕರೆದದ್ದು!

ಮೊದಲರ್ಧ ನಿಜ. ಉಳಿದದ್ದು ಶುದ್ಧ ಬೊಗಳೆ. ಗೇಲಿಕ್ಕಿನ ಆ ಕೂಗು ಗೆಲುವು ಎನ್ನುವ ಅವರದೇ ಪದದಿಂದ ಬಂದದ್ದೆಂದು ಮಾವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದನ್ನು ಕೇಳಿ ಅವರ ಅಕ್ಕ ಕಣ್ಣೊರೆಸಿಕೊಂಡಳಲ್ಲ, ಆಮೇಲೆ ಮಾತು ವಾಪಸ್ ತೆಗೆದುಕೊಳ್ಳುವುದು ಹೇಗೆ?

ಈಗ ಅಕ್ಕನ ಮಗಳು ಅದನ್ನೇ ತನ್ನ ಸಂಶೋಧನಾ ಪ್ರಬಂಧದಲ್ಲಿ ಬರೆದು, ಕಚೇರಿಗೇ ಬಂದು ನಿಂತಿದ್ದಳು.

“ಆಧಾರ ತೋರಿಸ್ದಿದ್ರೆ ಪ್ರಬಂಧ ತಗೊಳ್ಳಲ್ಲ ಅಂತಾರೆ ನಮ್ಮ ಗೈಡ್ ಮೇಡಂ. ನಮ್ಮ ಮಾವ ಹೇಳಿದ್ದು ಅಂದೆ, ನಕ್ಕುಬಿಟ್ರು. ನಂಗೆ ಮೈಯೆಲ್ಲಾ ಉರೀತು. ನಮ್ಮ ಮಾವ ಬಾಯಿಗೆ ಬಂದಿದ್ದು ಹೇಳೋರಲ್ಲ ಅಂತ ಜಗಳಾನೇ ಆಡ್ಬಿಟ್ಟೆ! ಯಾವ ಪುಸ್ತಕ ಮಾವ ಅದು?”

ನಿಜ ಹೇಳಿಬಿಡಬಹುದಿತ್ತು. ಆದರೆ ಸಹೋದ್ಯೋಗಿಗಳೆಲ್ಲ ಬರೆಯುವುದು ಬಿಟ್ಟು ಇತ್ತಲೇ ಕಿವಿಗೊಟ್ಟಿದ್ದರು.

“ಇಲ್ಲೇ ಎಲ್ಲೋ ಇತ್ತು ಕಣೇ,” ಎಂದರು ಮಾವ.

ಅಯ್ಯೋ, ಅಂದ ಮೇಲೆ ಹುಡುಕಲೇಬೇಕಲ್ಲ! ಈ ವಯಸ್ಸಿನಲ್ಲಿ ಏಣಿ ಹತ್ತಿ, ಇಲ್ಲದ ಪುಸ್ತಕಕ್ಕಾಗಿ ಒಂದೊಂದೇ ಸಂಪುಟ ಇಳಿಸಿಕೊಟ್ಟರು. ಅವಳು ಧೂಳು ಒರೆಸಿ ಶ್ರದ್ಧೆಯಿಂದ ಪುಟ ತಿರುವಿದಳು.

“ರಟ್ಟು ಯಾವ ಬಣ್ಣ ಮಾವ?”

“ನೀಲಿ... ನೀಲೀನೇ ಇರ್ಬೇಕು.”

ಸುಳ್ಳಿಗೆ ಬಣ್ಣ ಬಳಿದದ್ದೂ ಆಯಿತು. ನಾಚಿಕೆಯಿಂದ ಅವರಿಗೆ ಕಿವಿ ಸುಟ್ಟಂತಾಯಿತು.

ಗೇಲಿಕ್ ಪದಗಳ ದಪ್ಪ ಕೋಶವೊಂದನ್ನು ತೆರೆದವಳು ಹಾಗೇ ನಿಂತುಬಿಟ್ಟಳು. ‘ಅಬೂ’ ಎಂದರೆ ಗೆಲುವಿನ ಕೂಗು ಎಂದಿದ್ದುದನ್ನು ಎರಡು ಸಲ ಓದಿದಳು. ತಲೆಯೆತ್ತಿ ಮಾವನ ಮುಖ ನೋಡಿದಳು. ಮಾವ ಕಪಾಟಿನ ಕಡೆ ತಿರುಗಿಕೊಂಡರು.

ಅವಳು ಕೋಶ ಮುಚ್ಚಿ, ಎಲ್ಲರಿಗೂ ಕೇಳುವಂತೆ ಅಂದಳು: “ಆ ಪುಸ್ತಕ ಕಳೆದೋಗಿರ್ಬೇಕು, ಬಿಡಿ ಮಾವ. ನಾನೇ ಏನೋ ತಪ್ಪು ತಿಳ್ಕೊಂಡು ಬರೆದೆ ಅಂತ ಮೇಡಂ ಹತ್ರ ಹೇಳ್ತೀನಿ. ಕ್ಷಮೆ ಕೇಳ್ತೀನಿ.”

ಬೇಡ, ತಪ್ಪು ನಂದು ಎನ್ನಬೇಕಿತ್ತು. ಗಂಟಲವರೆಗೂ ಬಂದಿತ್ತು.

“ಆಯ್ತು ಕಣಮ್ಮ,” ಎಂದರು ಮಾವ, ಏಣಿಯ ಮೇಲಿಂದಲೇ. “ಹಾಗೇ ಹೇಳು.”