ಇಲ್ಲದ ಗೆರೆ

ಪರದೆಯ ಮೇಲೆ ಮೂರು ದಿನದ ಕೋಳಿಭ್ರೂಣ ಮಿಡಿಯುತ್ತಿದೆ, ಸಾಸಿವೆಯಷ್ಟು ಹೃದಯ, ಪಕ್ಕದಲ್ಲಿ ರೆಕ್ಕೆಯ ಮೊಗ್ಗು, ಮೊಗ್ಗಿನ ಬುಡದಲ್ಲಿ ಆ ಗೆರೆ ಇರಬೇಕು, ಇದ್ದೇ ಇರಬೇಕು, ಇನ್ನೊಂದು ಸಲ ತಿರುಗಿಸಮ್ಮ ಎಂದ ಪ್ರೊಫೆಸರ್, ಸಂಶೋಧನೆಯ ಹುಡುಗಿ ತಿರುಗಿಸಿದಳು, ಇದು ನಲವತ್ತನೇ ಮೊಟ್ಟೆ ಸರ್, ಒಂದರಲ್ಲೂ ಇಲ್ಲ. ಇಲ್ಲವೆಂದರೆ? ಇಪ್ಪತ್ತೊಂಬತ್ತು ವರ್ಷದಿಂದ ಪಠ್ಯಪುಸ್ತಕದಲ್ಲಿ ಕಾಲು ಚಾಚಿ ಕೂತ ಗೆರೆ, ಅವನೇ ಕಂಡುಹಿಡಿದದ್ದು, ಅವನಿಗೆ ಈ ಕುರ್ಚಿ ಕೊಟ್ಟದ್ದು — ಆಗ ಇಂಥ ಯಂತ್ರ ಎಲ್ಲಿತ್ತು, ಭ್ರೂಣವನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು ಗಾಜಿಗೆ ಅಂಟಿಸಬೇಕಿತ್ತು, ಇವಳಿಗೇನು, ಚಿಪ್ಪಿಗೊಂದು ಕಿಟಕಿ ಕೊರೆದು ಜೀವಂತವಾಗಿಯೇ ನೋಡುತ್ತಾಳೆ — ನಿಮ್ಮ ಹಳೇ ಸ್ಲೈಡುಗಳನ್ನೂ ನೋಡ್ದೆ ಸರ್, ಕೊಯ್ಯುವಾಗ ಮೇಣ ಅಲ್ಲಿ ಸ್ವಲ್ಪ ಮಡಚಿಕೊಂಡಿದೆ, ಆ ಮಡಿಕೇನೇ ಗೆರೆ ಥರ ಕಂಡಿದೆ ಅನ್ಸುತ್ತೆ. ಅನ್ಸುತ್ತಂತೆ. ಮಡಿಕೆಯಂತೆ. ನಿನ್ನೆ ಮೊನ್ನೆ ಬಂದವಳು. ಆದರೆ ಅವನ ಬೆರಳಿಗೆ ನೆನಪಿದೆ, ಆ ವಾರ ಅಲಗು ಮೊಂಡಾಗಿತ್ತು, ಹೊಸದು ಬರಲಿ ಎಂದು ಕಾಯುವ ತಾಳ್ಮೆ ಇರಲಿಲ್ಲ. ಪ್ರತಿ ವರ್ಷ ಮೊದಲ ಪಾಠದಲ್ಲಿ ನಗಿಸುತ್ತಾನೆ, ಹಿಂದಿನವರು ವೀರ್ಯಾಣುವಿನೊಳಗೆ ಮೊಣಕಾಲು ತಬ್ಬಿ ಕೂತ ಪುಟ್ಟ ಮನುಷ್ಯನನ್ನು ಕಂಡರು ಕಣ್ರೋ, ಚಿತ್ರವನ್ನೂ ಬರೆದರು, ಆಮೇಲೆ ಯಾರೋ ದಿನಕ್ಕೊಂದು ಮೊಟ್ಟೆ ಒಡೆದು ನೋಡಿದರು, ಮನುಷ್ಯನೂ ಇಲ್ಲ ಮರಿಯೂ ಇಲ್ಲ, ಬರೀ ಒಂದು ಹಾಳೆ, ಅದೇ ಮಡಚಿ ಮಡಚಿ ದೇಹವಾಗುತ್ತದೆ, ಬುದ್ಧಿ ಬಯಸಿದ್ದನ್ನೇ ಕಣ್ಣು ಕಾಣುವುದು — ತರಗತಿ ಗೊಳ್ಳೆಂದು ನಗುತ್ತದೆ, ಒಂದು ವರ್ಷ ಆ ತರಗತಿಯಲ್ಲಿ ಕೂತಿದ್ದ ಅವನ ಮಗಳು ಮಾತ್ರ ನಕ್ಕಿರಲಿಲ್ಲ. ಮಗಳು. ಊಟದ ಮೇಜಿನ ಮೇಲೆ ಅವಳ ಪ್ರಾಕ್ಟಿಕಲ್ ರೆಕಾರ್ಡು, ಅಪ್ಪಾ, ನಂಗೆ ಕಾಣಿಸ್ಲೇ ಇಲ್ಲ, ಕಂಡಷ್ಟು ಬರ್ದೆ, ಕಾಣಿಸದೆ ಏನು, ಕಣ್ಣು ಎಲ್ಲಿಟ್ಟಿದ್ದೆ, ನನ್ನ ಮಗಳಾಗಿ ನನ್ನ ಗೆರೆಯನ್ನೇ ಬಿಡ್ತೀಯಾ — ಮರುವರ್ಷ ಅವಳು ವಿಜ್ಞಾನವನ್ನೇ ಬಿಟ್ಟಳು, ಅವನು ಸೋಮಾರಿ ಎಂದ, ಹೆಂಡತಿ ತಟ್ಟೆ ಎತ್ತಿಕೊಂಡು ಹೋದಳು. ಸರ್, ಮುಂದಿನ ವಾರದ ಸಭೇಲಿ ಇದನ್ನ ಹೇಳ್ಲಾ, ಬೇಡ ಅಂದ್ರೆ ಬಿಡ್ತೀನಿ. ಬೇಡ ಎನ್ನಲು ಬಾಯಿ ತೆರೆದ, ಇನ್ನೂ ನೂರು ಮೊಟ್ಟೆ ನೋಡು ಎಂದರೆ ಅವನು ನಿವೃತ್ತನಾಗುವವರೆಗೂ ಸಾಕು, ಅಷ್ಟು ಸುಲಭ — ಹೇಳು ಎಂದ, ಯಾರ ಗೆರೆ ಅಂತಲೂ ಹೇಳು. ಹುಡುಗಿ ಹೋದಳು, ಫೋನು ಕೈಯಲ್ಲಿದೆ, ಮಗಳ ನಂಬರು ತೆರೆದಿದೆ, ಏನೆಂದು ಶುರುಮಾಡುವುದು, ಊಟ ಆಯ್ತಾ ಎಂದೇ, ನೀನು ಸರಿಯಾಗೇ ನೋಡಿದ್ದೆ ಎಂದೇ, ಅವಳು ಯಾವುದನ್ನು ಎಂದು ಕೇಳಿದರೆ — ರೆಕಾರ್ಡಿನ ಆ ಪುಟ, ಪೆನ್ಸಿಲ್ಲಿನ ಹೃದಯ, ಪೆನ್ಸಿಲ್ಲಿನ ಬಾಲ, ರೆಕ್ಕೆಯ ಬುಡದಲ್ಲಿ ಖಾಲಿ ಬಿಳುಪು, ಅದರ ಮೇಲೆ, ಕಾಗದ ಹರಿಯುವಷ್ಟು ಒತ್ತಿ, ಅವನೇ ಎಳೆದ ಕೆಂಪು ಗೆರೆ.