ಡ್ರಮ್ ಬಾರಿಸಿದವರು

ಹತ್ತು ಹಾಡುಗಳಿಗೂ ಡ್ರಮ್ ಬಾರಿಸಿದ್ದು ವಿಮರ್ಶಕನ ತಂಗಿ. ಆಲ್ಬಮ್ ಹೊರಬಂದಾಗ ಕವರಿನ ಮೇಲೆ ಗಾಯಕನ ಭಾವಮೈದುನನ ಹೆಸರಿತ್ತು.

ಬೆಳಗ್ಗೆ ಹತ್ತರಿಂದ ವಿಮರ್ಶಕ ಅದನ್ನು ಕೇಳುತ್ತ ಕುಳಿತಿದ್ದ. ವಾರಪತ್ರಿಕೆಯ ಕಚೇರಿಯಲ್ಲಿ ಸಂಗೀತ ವಿಮರ್ಶಕನಿಗೆಂದೇ ಒಂದು ಕೋಣೆ. ಸದ್ದು ಹೀರಲು ಗೋಡೆಗೆ ಸ್ಪಂಜು, ಕಿಟಕಿಯಿಲ್ಲ. ಮೊದಲು ಅಲ್ಲಿ ಮಾರಾಟವಾಗದ ಸಂಚಿಕೆಗಳನ್ನು ಒಟ್ಟುತ್ತಿದ್ದರು. ನಾಲ್ಕು ಗಂಟೆಯೊಳಗೆ ಮುನ್ನೂರು ಪದ ಕೊಡಬೇಕು.

ಪಾಪ್ ಪಂಕ್. ಗಿಟಾರಿನಲ್ಲಿ ಅವವೇ ಮಟ್ಟುಗಳು, ಬೆನ್ನಟ್ಟಿ ಬಂದವರಂತೆ ಓಡುವ ಲಯ, ಮೂಗಿನಿಂದ ಕೂಗುವ ಗಂಡಸು. ನಲವತ್ತು ಸಮೀಪಿಸಿದ ಆ ಮನುಷ್ಯ ಹದಿನೇಳರ ಹುಡುಗನಂತೆ ಮನೆಬಿಟ್ಟು ಹೋಗುತ್ತೇನೆಂದು ಹಟ ಹಿಡಿದಿದ್ದ. ಯಾರ ಅಪ್ಪಣೆಗೂ ಕಾಯುವುದಿಲ್ಲವೆಂದು ಎರಡನೆಯ ಹಾಡೊಂದರಲ್ಲೇ ಇಪ್ಪತ್ತಾರು ಸಲ ಸಾರಿದ. ಬಂಡಾಯ ಇಷ್ಟು ಸಲೀಸಾಗಿ ಬಾಯಿಪಾಠ ಆಗುವುದಾದರೆ ಆಗಲಿ ಎಂದುಕೊಂಡ ವಿಮರ್ಶಕ.

ಮೂರನೆಯ ಸಲ ಕೇಳಿ ಬರೆದ: ಹಾಡುಗಳು ಹಳಸಲು, ಡ್ರಮ್ ಮಾತ್ರ ಜೀವಂತ. ನಾಲ್ಕನೆಯ ಹಾಡಿನ ನಡುವೆ ಎಂಟು ಪೆಟ್ಟಿನಷ್ಟು ಹೊತ್ತು ಡ್ರಮ್ ಒಂದೇ ಕೈಗೆ ಇಳಿಯುತ್ತಿತ್ತು. ಅದನ್ನು 'ದಿಟ್ಟ ಸಂಯಮ' ಎಂದು ಹೊಗಳಿ, ಕವರನ್ನು ಮತ್ತೊಮ್ಮೆ ತಿರುಗಿಸಿ ನೋಡಿ, ಭಾವಮೈದುನನ ಹೆಸರು ಸೇರಿಸಿದ.

ಒಂದು ಗಂಟೆಗೆ ತಂಗಿ ಬಂದಳು. ಧ್ವನಿಮುದ್ರಣ ಮುಗಿದ ವಾರವೇ ತಂಡದವರು ಅವಳನ್ನು ಕೈಬಿಟ್ಟಿದ್ದರು. ಡ್ರಮ್ಮನ್ನೆಲ್ಲ ಹೊಸಬನಿಂದ ಮತ್ತೆ ಬಾರಿಸಿಕೊಂಡೆವು ಎಂದು ಊರಿಗೆಲ್ಲ ಹೇಳಿದ್ದರು. ಅವನು ನಂಬಿದ್ದ. ನಂಬಿದರೆ ಏನೂ ಮಾಡಬೇಕಾಗಿರಲಿಲ್ಲ.

ಅವಳು ನಿಂತೇ ಅವನ ಹಾಳೆ ಓದಿದಳು.

"ಸಂಯಮ ಅಲ್ಲ ಅಣ್ಣ, ಸ್ಟಿಕ್ ಮುರೀತು. ಇನ್ನೊಂದು ಎತ್ಕೊಳ್ಳೋವರೆಗೂ ಒಂದೇ ಕೈಲಿ ಎಳೆದೆ."

ಅವನು ಹಾಳೆಯನ್ನು ಮಗುಚಿಟ್ಟ.

"ನಾನೇ ಅಂತ ಗೊತ್ತಾಗ್ಲಿಲ್ವಾ?"

"ಮಿಕ್ಸಿಂಗಲ್ಲಿ ಏನೇನೋ ಮಾಡಿರ್ತಾರೆ."

"ಹದಿನಾಲ್ಕು ವರ್ಷ ಪಕ್ಕದ ರೂಮಲ್ಲೇ ಬಾರಿಸಿದೀನಿ."

"ನಾನು ಬಾಗಿಲು ಹಾಕ್ಕೊಂಡಿರ್ತಿದ್ದೆ."

ಅವಳಿಗೆ ಬೇಕಾಗಿದ್ದುದು ವಿಮರ್ಶೆಯಲ್ಲಿ, ಡ್ರಮ್ ಬಾರಿಸಿದ್ದು ತಾನೆಂಬ ಒಂದು ಸಾಲು. ಇನ್ನೊಂದು ತಂಡ ಡ್ರಮ್ಮರನ್ನು ಹುಡುಕುತ್ತಿತ್ತು. ಯಾವ ಆಲ್ಬಮ್ಮಿಗೆ ಬಾರಿಸಿದ್ದೀ ಎಂದು ಅವರು ಕೇಳಿದ್ದಕ್ಕೆ ಅವಳು ಇದನ್ನು ಹೇಳಿ, ಸುಳ್ಳಿ ಎನಿಸಿಕೊಂಡು ಹಿಂತಿರುಗಿದ್ದಳು.

ಅವನು ಸಂಪಾದಕನ ಬಳಿ ಹೋದ. ಸಂಪಾದಕ ಸಮಾಧಾನವಾಗಿಯೇ ಕೇಳಿಸಿಕೊಂಡ. ವಿಮರ್ಶೆಯೊಳಗೆ ಒಡಹುಟ್ಟಿದವರನ್ನು ತಂದರೆ ಜನ ಆಡಿಕೊಳ್ಳುತ್ತಾರೆ, ಕವರ್ ಮೇಲಿದ್ದದ್ದೇ ದಾಖಲೆ ಎಂದ. ಆಮೇಲೆ ಕನ್ನಡಕ ತೆಗೆದ.

"ಆದ್ರೂ ನೋಡಪ್ಪ, ಅದು ಅವಳದೇ ಕೈ ಅಂತ ನಿನ್ನ ಕಿವಿ ಹೇಳಿದ್ರೆ, ಹಾಕೋಣ. ಅಣ್ಣನ ಮಾತು ಬೇಡ. ವಿಮರ್ಶಕನ ಮಾತು ಕೊಡು."

ಅವನು ಮತ್ತೆ ಕೇಳಿದ. ಹೆಡ್‌ಫೋನನ್ನು ಕಿವಿ ನೋಯುವಷ್ಟು ಒತ್ತಿಹಿಡಿದು ಕೇಳಿದ. ತಂಗಿಯ ಸಿಟ್ಟು, ಅವಸರ, ಏನಾದರೊಂದು ಸಿಕ್ಕೀತೆಂದು ಹಾಡಿನಿಂದ ಹಾಡಿಗೆ ತಡಕಾಡಿದ. ಚರ್ಮದ ಮೇಲೆ ಕೋಲು ಬೀಳುತ್ತಿತ್ತು, ಅಷ್ಟೆ. ಹದಿನೈದು ವರ್ಷ ಅವನು ಮೊದಲು ಕವರ್ ಓದಿ ಆಮೇಲೆ ಕೇಳಿದ್ದ, ಓದಿದ್ದೇ ಕೇಳಿಸಿತ್ತು. ಈಗ ಕವರ್ ಸುಳ್ಳು ಎಂದಮೇಲೆ ಕಿವಿಯಲ್ಲಿ ಏನೂ ಉಳಿದಿರಲಿಲ್ಲ. ಎದುರಿಗೆ ಕೂತವಳ ಮುಖ ನೋಡಲು ಹೆದರಿ ಕಣ್ಣು ಮುಚ್ಚಿದ. ಆಗಲೂ ಸಿಗಲಿಲ್ಲ.

ಮೂರೂಮುಕ್ಕಾಲಿಗೆ ಸಂಪಾದಕ ಬಾಗಿಲಲ್ಲಿ ಬಂದು ನಿಂತ.

ವಿಮರ್ಶಕ ಹೆಡ್‌ಫೋನಿನ ತಂತಿ ಕಿತ್ತು ಸ್ಪೀಕರ್ ಹಚ್ಚಿದ. ಎರಡು ಪೆನ್ಸಿಲುಗಳನ್ನು ತಂಗಿಯ ಮುಂದೆ ಸರಿಸಿದ.

"ನಾಲ್ಕನೇದು ಹಾಕ್ತೀನಿ. ಜೊತೇಲಿ ಬಾರಿಸು. ಸರಿಹೋದ್ರೆ ಮುಗೀತು."

"ಅವನನ್ನ ಕೇಳಿದ್ಯಾ, ಬಾರಿಸಿ ತೋರಿಸು ಅಂತ?"

"ಅವನ ಹೆಸರು ಕವರ್ ಮೇಲಿದೆ."

"ಕೇಳಿದ್ಯಾ?"

"ಟೈಮಿಲ್ಲ ಕಣೇ. ಹಟ ಮಾಡ್ಬೇಡ. ನನಗೋಸ್ಕರ ಬಾರಿಸು."

"ಬಾರಿಸಲ್ಲ."

ಅಷ್ಟರಲ್ಲಿ ಅವನು ಗುಂಡಿ ಒತ್ತಿಯಾಗಿತ್ತು. ಹಾಡು ನುಗ್ಗಿ ಬಂದು ಸ್ಪಂಜಿನ ಗೋಡೆಗಳಿಗೆ ಬಡಿದು ಅಲ್ಲಲ್ಲೇ ಸತ್ತಿತು. ಬಾಗಿಲಲ್ಲಿ ಸಂಪಾದಕನ ಬೂಟು ತಾಳ ಹಾಕತೊಡಗಿತು. ಮೇಜಿನಂಚಿನಲ್ಲಿ ವಿಮರ್ಶಕನ ಬೆರಳುಗಳೂ ಅವನಿಗೆ ಅರಿವಿಲ್ಲದೆ ಕುಣಿದವು. ತಂಗಿಯ ಎರಡು ಕೈಗಳು ಮಾತ್ರ ಪೆನ್ಸಿಲುಗಳ ಪಕ್ಕದಲ್ಲಿ, ಯಾರೋ ಕಳಚಿಟ್ಟು ಹೋದ ಗವಸುಗಳ ಹಾಗೆ, ಅಲುಗದೆ ಬಿದ್ದಿದ್ದವು. ಸ್ಪೀಕರಿನೊಳಗೆ ಅವೇ ಕೈಗಳು ಓಡುತ್ತಲೇ ಇದ್ದವು.